ಏಪ್ರಿಲ್–ಮೇ ತಿಂಗಳಲ್ಲಿ ಹಿಮಾಲಯದ ಚಾರಣಕ್ಕೆ ಹೋದಾಗ ತೊರೆಗಳನ್ನು ಸುರಕ್ಷಿತವಾಗಿ ದಾಟುವುದು ಹೇಗೆ?

ನಮ್ಮ ಪಶ್ಚಿಮ ಘಟ್ಟದ ಹಳ್ಳಗಳು ಸೊರಗಿರುವ ಈ ತಿಂಗಳುಗಳಲ್ಲೇ ಹಿಮಾಚಲ, ಉತ್ತರಾಖಂಡಗಳ ತೊರೆಗಳು ಹಿಮ ಕರಗಿ ಉಕ್ಕತೊಡಗುತ್ತವೆ. ಬಿಸಿಲಿಗೆ ಕರಗಿದ ನೀರು ಕೆಳಗಿಳಿದು ಬರಲು ಕೆಲವು ಗಂಟೆಗಳು ಹಿಡಿಯುವುದರಿಂದ ಹರಿವು ಸಾಮಾನ್ಯವಾಗಿ ಮಧ್ಯಾಹ್ನದ ನಂತರ, ಕೆಲವೆಡೆ ಸಂಜೆಯ ಹೊತ್ತಿಗೆ ಹೆಚ್ಚುತ್ತದೆ. ಆದ್ದರಿಂದ ದೊಡ್ಡ ತೊರೆಯಿರುವ ದಿನ ನಸುಕಿನಲ್ಲಿ ಹೊರಟು ಬೆಳಗ್ಗೆಯೇ ದಾಟುವುದು ಉಳಿದೆಲ್ಲ ಉಪಾಯಗಳಿಗಿಂತ ಮುಖ್ಯವೆಂದು ನನ್ನ ಅಭಿಪ್ರಾಯ. ಆ ಹೊತ್ತಿನಲ್ಲಿ ಬಂಡೆಗಳ ಮೇಲೆ ತೆಳುವಾದ ಮಂಜುಗಡ್ಡೆ ಇರಬಹುದಾದ್ದರಿಂದ ಕಲ್ಲಿಂದ ಕಲ್ಲಿಗೆ ಹಾರಬಾರದು.

ನೀರು ಅಗಲವಾಗಿ, ಕವಲೊಡೆದು ಹರಿಯುವ ಜಾಗವನ್ನು ಆರಿಸಿಕೊಳ್ಳಿ. ಹರಿವಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಬೀಳುವ ಬಲ ಸುಮಾರು 4 ಪಟ್ಟಾಗುವುದರಿಂದ, ಸೆಳೆತವಿರುವಲ್ಲಿ ಮೊಣಕಾಲು ಮೀರಿದ ನೀರಿಗೆ ಇಳಿಯುವುದು ಬೇಡ. ಬೂಟು ಒದ್ದೆಯಾಗುತ್ತದೆಂದು ಬರಿಗಾಲಲ್ಲಿ ಇಳಿಯುವವರು ಉಂಟು. ಹಿಮದ ನೀರಿನಲ್ಲಿ ಪಾದ ಬೇಗನೆ ಮರಗಟ್ಟಿ ಹಿಡಿತ ತಪ್ಪುತ್ತದೆ. ಬಿದ್ದರೆ ಚೀಲವನ್ನು ಕೂಡಲೇ ಕಳಚಲು ಸಾಧ್ಯವಾಗುವಂತೆ ಸೊಂಟದ ಮತ್ತು ಎದೆಯ ಪಟ್ಟಿಗಳನ್ನು ಮೊದಲೇ ಬಿಚ್ಚಿ, ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲೂರಿ, ಒಂದೊಂದೇ ಹೆಜ್ಜೆಯನ್ನು ಪಕ್ಕಕ್ಕೆ ಸರಿಸಬೇಕು.

ತೊರೆಯ ಮೇಲೆ ಸೇತುವೆಯಂತೆ ಉಳಿದಿರುವ ಹಿಮದ ಹಾಸು ಅಡಿಯಿಂದ ಕರಗಿ ಟೊಳ್ಳಾಗಿರುತ್ತದೆ. ಸ್ಥಳೀಯ ಮಾರ್ಗದರ್ಶಿ ಪರೀಕ್ಷಿಸದೆ ಅದರ ಮೇಲೆ ಕಾಲಿಡಬೇಡಿ.