ಒಳಚಿಲಕ ಇಲ್ಲದ ಕೋಣೆ

(ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯೋಕೆ ಮನೆಯವರ ಒಪ್ಪಿಗೆ ಇದೆ, ಅವನದೂ ಸೇರಿ.)

ಅವನ ಅಕ್ಕ ಒಬ್ಬಳೇ ನನ್ನ ಹತ್ತಿರ ಸಲಹೆ ಕೇಳೋಕೆ ಬಂದಿದ್ದಳು. ಕೂತವಳೇ ಕೇಳಿದಳು: "ಮೇಡಂ, ಅಡ್ಮಿಟ್ ಮಾಡದೇನೇ ಇದನ್ನ ದಾಟೋಕಾಗುತ್ತಾ?"

ತಮ್ಮನಿಗೆ 26 ವರ್ಷ. ನಾಲ್ಕು ರಾತ್ರಿಯಿಂದ ಸರಿಯಾಗಿ ನಿದ್ದೆಯಿಲ್ಲ. ಪಕ್ಕದ ಮನೆಯವರು ಗೋಡೆಯೊಳಗೆ ಮೈಕ್ ಇಟ್ಟಿದ್ದಾರೆ, ರಾತ್ರಿಯೆಲ್ಲ ತನ್ನನ್ನು ಬೈಯುತ್ತಾರೆ ಅನ್ನುತ್ತಿದ್ದ. ಮೂರು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಆಗ "ಚಿಕ್ಕಪ್ಪನ ಮನೆಗೆ ಹೋಗಿಬರೋಣ" ಅಂತ ಕಾರು ಹತ್ತಿಸಿ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನಾಲ್ಕು ಜನ ಹಿಡಿದುಕೊಂಡು ಇಂಜೆಕ್ಷನ್ ಕೊಡಿಸಿದರು. 19 ದಿನ ವಾರ್ಡು. ಕಾಯಿಲೆ ಹತೋಟಿಗೆ ಬಂತು, ಸುಳ್ಳಲ್ಲ. ಆದರೆ ಮನೆಗೆ ಬಂದ ಮೇಲೆ ವರ್ಷದವರೆಗೆ ಅವನು ಅಪ್ಪನ ಕಾರು ಹತ್ತಲಿಲ್ಲ. ಈಗ ಅಪ್ಪ ಮತ್ತೆ ಕಾರು ತೆಗೆಯೋ ಯೋಚನೆಯಲ್ಲಿದ್ದರು.

ಮೊದಲು ನಾನು ಕೇಳಬೇಕಾದ್ದನ್ನು ಕೇಳಿದೆ. ಸಾಯುವ ಮಾತಾಡಿದ್ದಾನಾ? ಯಾರ ಮೇಲಾದರೂ ಕೈ ಎತ್ತಿದ್ದಾನಾ? ಆ ದನಿಗಳು 'ಹೀಗೆ ಮಾಡು' ಅಂತ ಅಪ್ಪಣೆ ಕೊಡುತ್ತಿವೆಯಾ? ಊಟ, ನೀರು ಸೇರುತ್ತಿದೆಯಾ? ಕುಡಿತ ಇದೆಯಾ? ಜ್ವರ ಬಂದಿತ್ತಾ, ತಲೆಗೆ ಪೆಟ್ಟಾಗಿತ್ತಾ? ಊಟ ಕಮ್ಮಿಯಾಗಿತ್ತು, ನೀರು ಕುಡಿಯುತ್ತಿದ್ದ. ಉಳಿದದ್ದಕ್ಕೆಲ್ಲ 'ಇಲ್ಲ' ಅಂದಳು. ಮಾತ್ರೆ ಮಾತ್ರ ಎರಡು ತಿಂಗಳ ಹಿಂದೆ ತಾನೇ ನಿಲ್ಲಿಸಿದ್ದ, ಹಗಲೆಲ್ಲ ತೂಕಡಿಕೆ ಅಂತ. ಇದರಲ್ಲಿ ಒಂದೆರಡು ಉತ್ತರ ಬೇರೆ ಆಗಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ ಅಂತ ನಾನೇ ಹೇಳುತ್ತಿದ್ದೆ. ಮನೆಯಲ್ಲಿ ನೋಡಿಕೊಳ್ಳೋದು ಅಂದರೆ ಡಾಕ್ಟರನ್ನು ಬಿಡೋದಲ್ಲ. ಅವನನ್ನು ಮೊದಲಿಂದ ನೋಡುತ್ತಿದ್ದ ಮನೋವೈದ್ಯರಿಗೆ ಅವಳೆದುರೇ ಫೋನ್ ಮಾಡಿದೆ. ಮನೆಯಲ್ಲೇ ನೋಡೋಣ, ಆದರೆ ದಿನಾ ತಮಗೆ ಸುದ್ದಿ ಬರಬೇಕು ಅಂದರು.

ಮಾರನೇ ದಿನ ಅವರ ಮನೆಗೆ ಹೋದೆ. ಹೋಗಿ ಮೊದಲು ಮಾಡಿದ್ದೇ ತಪ್ಪು. ಅಪ್ಪ ನನ್ನನ್ನು ಬಾಗಿಲ ಹೊರಗೆ ಕರೆದರು, ನಾನೂ ಹೋದೆ. ಇಬ್ಬರೂ ಗುಸುಗುಸು ಮಾತಾಡಿದೆವು. ಅವನು ಕಿಟಕಿಯಿಂದ ನೋಡುತ್ತಿದ್ದ. ತನ್ನ ಬೆನ್ನ ಹಿಂದೆ ಜನ ಮಾತಾಡುತ್ತಾರೆ ಅಂತ ಹೆದರಿದವನಿಗೆ ಅದೇ ಕಣ್ಣಿಗೆ ಬಿತ್ತು, ಅಲ್ವಾ? ಕೋಣೆಗೆ ಹೋಗಿ ಬಾಗಿಲಿಗೆ ಕುರ್ಚಿ ಒರಗಿಸಿಕೊಂಡು ಕೂತ. ಒಂದು ದಿನ ಪೂರ್ತಿ ಹೋಯಿತು.

ಮರುದಿನ ಬಾಗಿಲ ಈಚೆಯಿಂದಲೇ ಹೇಳಿದೆ: "ನಿನ್ನೆ ಹೊರಗೆ ನಿನ್ನ ಬಗ್ಗೆನೇ ಮಾತಾಡಿದ್ವಿ. ನೀನಿಲ್ಲದೆ ಮಾತಾಡಿದ್ದು ತಪ್ಪಾಯ್ತು. ಇನ್ಮೇಲೆ ನಿನ್ನೆದುರೇ." ಒಳಗಿನಿಂದ ಪ್ರಶ್ನೆ ಬಂತು: "ಕಾರು ಎಲ್ಲಿದೆ?" ಅಪ್ಪ ಕೀಲಿ ತಂದು ಬಾಗಿಲ ಸಂದಿಯಿಂದ ಒಳಗೆ ತಳ್ಳಿದರು. ನಾನು ಹೇಳಿಕೊಟ್ಟಿದ್ದಲ್ಲ ಅದು.

ಕುರ್ಚಿ ಯಾಕೆ ಒರಗಿಸಿದ್ದ ಅಂದರೆ, ಆ ಕೋಣೆಗೆ ಒಳಚಿಲಕ ಇರಲಿಲ್ಲ. ಮೂರು ವರ್ಷದ ಹಿಂದೆ ಬಿಚ್ಚಿಸಿದ್ದು. ಸ್ಕ್ರೂ ಇದ್ದ ನಾಲ್ಕು ತೂತು ಹಾಗೇ ಇದ್ದವು. ಒಂದರೊಳಗೆ ಕಾಗದದ ಉಂಡೆ ತುರುಕಿದ್ದ. ಅದರಿಂದಲೂ ಯಾರೋ ನೋಡುತ್ತಾರೆ ಅಂತ. ನಿನಗೇನು ಬೇಕು ಅಂತ ಕೇಳಿದ್ದಕ್ಕೆ ಚಿಲಕ ಬೇಕು ಅಂದ. ಅಮ್ಮ ಅತ್ತರು, "ಒಳಗೇನಾದ್ರೂ ಮಾಡ್ಕೊಂಡ್ರೆ?" ಅವರ ಭಯವೂ ಸುಳ್ಳಲ್ಲ. ಕೊನೆಗೆ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯಬಹುದಾದ ಚಿಲಕ ಹಾಕಿಸಿದೆವು. ಹೊರಗಿನಿಂದ ಹೇಗೆ ತೆಗೆಯೋದು ಅಂತ ಅವನಿಗೂ ತೋರಿಸಿದೆವು. ಮೂರು ಸಲ ಬಡಿದು, ಉತ್ತರ ಬರದಿದ್ದರೆ ಮಾತ್ರ ತೆಗೆಯೋದು ಅಂತ ಮಾತಾಯಿತು.

ಅಪ್ಪ ಮಾತ್ರ ನನ್ನನ್ನು ನೇರವಾಗಿ ಕೇಳಿದರು, ಈ ಸಲ ಅವನೆದುರೇ: "ಇದನ್ನೆಲ್ಲ ಎಲ್ಲಾದ್ರೂ ಮಾಡಿದಾರಾ, ಇಲ್ಲ ನಮ್ಮ ಮನೇಲೇ ಪ್ರಯೋಗಾನಾ?" ನ್ಯಾಯವಾದ ಪ್ರಶ್ನೆ. ಫಿನ್‌ಲ್ಯಾಂಡಿನ ಟೋರ್ನಿಯೊದಲ್ಲಿ 1980ರ ದಶಕದಿಂದ ಹೀಗೇ ಮಾಡುತ್ತಾರೆ ಅಂದೆ. ಫೋನ್ ಬಂದ 24 ಗಂಟೆಯೊಳಗೆ ತಂಡ ಕುಟುಂಬವನ್ನು ಸೇರಿಸಿ ಕೂರುತ್ತದೆ, ಎಷ್ಟೋ ಸಲ ಮನೆಯಲ್ಲೇ. ಮಾತೆಲ್ಲ ಕಾಯಿಲೆಯವರ ಎದುರೇ. ಕೊನೆಯವರೆಗೆ ಅದೇ ತಂಡ. ಅವರು ಅದನ್ನು ಓಪನ್ ಡೈಲಾಗ್ ಅನ್ನುತ್ತಾರೆ. ಅಮೆರಿಕದ ಮನೋವೈದ್ಯ ಲೋರೆನ್ ಮೋಷರ್ 1971ರಲ್ಲಿ ಸೊಟೇರಿಯಾ ಅಂತ ಒಂದು ಮಾಮೂಲಿ ಮನೆಯನ್ನೇ ಶುರುಮಾಡಿದ್ದರು. ಅಲ್ಲಿ ಸಿಬ್ಬಂದಿಯ ದೊಡ್ಡ ಕೆಲಸ ಸುಮ್ನೆ ಜೊತೆಗಿರೋದು. ಇಟಲಿಯಲ್ಲಿ 1978ರ ಕಾನೂನಿನ ನಂತರ ಹಳೇ ಹುಚ್ಚಾಸ್ಪತ್ರೆಗಳು ಒಂದೊಂದಾಗಿ ಮುಚ್ಚಿದವು. ಟ್ರಿಯೆಸ್ಟ್‌ನಲ್ಲಿ ಅದರ ಬದಲು ಬಡಾವಣೆಗಳಲ್ಲಿ ಹಗಲು ರಾತ್ರಿ ತೆರೆದಿರೋ ಕೇಂದ್ರಗಳು ಬಂದವು, ಕೆಲವೇ ಹಾಸಿಗೆ ಇರೋವು.

ಅಪ್ಪ ಕೇಳಿಸಿಕೊಂಡು ಅಂದರು: "ಅವರಿಗೆ ತಂಡ ಇದೆ. ನಮಗೆ ಯಾರಿದಾರೆ?" ಇದಕ್ಕೆ ನನ್ನ ಹತ್ತಿರ ಚೆಂದದ ಉತ್ತರ ಇರಲಿಲ್ಲ. ಎರಡು ವಾರ ರಾತ್ರಿಯೆಲ್ಲ ಎಚ್ಚರ ಇರೋದು ಅಮ್ಮ ಒಬ್ಬರ ಮೇಲೆ ಬಿದ್ದರೆ ಮೂರನೇ ದಿನಕ್ಕೆ ಅವರೇ ಹಾಸಿಗೆ ಹಿಡಿಯುತ್ತಾರೆ. 'ಸಮುದಾಯದಲ್ಲೇ ಆರೈಕೆ' ಅನ್ನೋ ಮಾತು ಬಾಯಲ್ಲಿ ಹೇಳೋಕೆ ಸುಲಭ. ಅದು ಕೊನೆಗೆ ಮನೆಯ ಹೆಂಗಸರ ನಿದ್ದೆ ಕದಿಯೋದೇ ಜಾಸ್ತಿ. ಆದ್ದರಿಂದ ಒಂದು ಹಾಳೆ ತೆಗೆದು ಪಾಳಿ ಬರೆದೆವು: ಅಕ್ಕ, ಅಪ್ಪ, ಅವನೇ ಆರಿಸಿದ ಹಳೇ ಸಹೋದ್ಯೋಗಿ, ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು. ಅಮ್ಮನಿಗೆ ಹಗಲು ಮಾತ್ರ.

ಪಾಳಿಯವರಿಗೆ ನಾನು ಹೇಳಿದ್ದು ಇಷ್ಟು. ಮೈಕ್ ಇದೆಯಾ ಇಲ್ಲವಾ ಅಂತ ವಾದಕ್ಕೆ ಇಳಿಯಬೇಡಿ. ಇದೆ ಅಂತಲೂ ಹೂಂಗುಟ್ಟಬೇಡಿ. "ನನಗೆ ಕೇಳಿಸ್ತಿಲ್ಲ, ನಿನಗೆ ಭಯ ಆಗ್ತಿರೋದು ಗೊತ್ತಾಗ್ತಿದೆ" ಅನ್ನಿ, ಸಾಕು. ದೀಪ ಮಂದ, ಟೀವಿ ಬಂದ್, ಒಂದು ಸಲಕ್ಕೆ ಒಬ್ಬರೇ ಮಾತು. ಅವನು ಬಾಗಿಲ ಹತ್ತಿರ ಕೂರಲಿ, ದಾರಿಗೆ ಅಡ್ಡ ಕೂರಬೇಡಿ. ಮಾತ್ರೆಯನ್ನು ಊಟದಲ್ಲಿ ಕದ್ದು ಬೆರೆಸಲೇಬೇಡಿ. ಗೊತ್ತಾದ ದಿನ ಊಟವನ್ನೂ ಬಿಡುತ್ತಾನೆ. ತೂಕಡಿಕೆಯ ವಿಷಯವನ್ನು ಅವನೇ ಡಾಕ್ಟರಿಗೆ ಹೇಳಿದ. ಅವರು ಬೇರೆ ಮಾತ್ರೆ ಕಮ್ಮಿ ಪ್ರಮಾಣದಲ್ಲಿ ಕೊಟ್ಟರು, ರಾತ್ರಿಗೆ ಮಾತ್ರ.

ಆರನೇ ರಾತ್ರಿ ಎರಡು ಗಂಟೆಗೆ ಎದ್ದು ರಸ್ತೆಗೆ ಹೊರಟ. ಪಾಳಿ ಮೇಷ್ಟ್ರದ್ದು. ಅವರು ತಡೆಯಲಿಲ್ಲ, ಚಪ್ಪಲಿ ಹಾಕಿಕೊಂಡು ಜೊತೆಗೆ ಹೊರಟರು. ಮುಕ್ಕಾಲು ಗಂಟೆ ನಡೆದರಂತೆ. "ಏನು ಮಾತಾಡಿದ್ರಿ ಮೇಷ್ಟ್ರೇ?" ಅಂದರೆ, "ಏನೂ ಇಲ್ಲಮ್ಮ, ನನ್ನ ಮಂಡಿನೋವಿನ ಬಗ್ಗೆ ನಾನು ಹೇಳಿದೆ" ಅಂದರು. ಆ ಬೆಳಗಿನ ಜಾವ ಅವನು ಐದು ಗಂಟೆ ನಿದ್ದೆ ಮಾಡಿದ.

ದನಿಗಳು ಪೂರ್ತಿ ಹೋಗಿಲ್ಲ. ಐದನೇ ವಾರಕ್ಕೆ ಮೆತ್ತಗಾದವು. ಅರ್ಧ ದಿನ ಕೆಲಸಕ್ಕೆ ಹೋಗುತ್ತಿದ್ದಾನೆ.

ಮನಸ್ಸು ತಿಳಿಯಾಗಿರೋವಾಗಲೇ ಮುಂದಿನ ಸಲಕ್ಕೆ ಏನು ಬೇಕು ಅಂತ ಬರೆದಿಡು ಅಂದೆ. ಒಂದು ಪುಟ ಬರೆದ. ಎರಡು ರಾತ್ರಿ ನಿದ್ದೆ ಹೋದರೆ ಡಾಕ್ಟರಿಗೆ ಫೋನ್ ಮಾಡಿ. ಆಸ್ಪತ್ರೆಗೆ ಸೇರಿಸಲೇಬೇಕಾದರೆ ಅಕ್ಕ ಜೊತೆಗಿರಲಿ. ಎಲ್ಲಿಗೆ ಹೋಗ್ತಿದೀವಿ ಅಂತ ನಿಜ ಹೇಳಿ. ಈ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾನೆ. ಅಕ್ಕ, ಅಮ್ಮ, ಡಾಕ್ಟರು ಸಹಿ ಮಾಡಿದ್ದಾರೆ. ಅಪ್ಪ ಇನ್ನೂ ಮಾಡಿಲ್ಲ. ದಿನಾ ಹಾಳೆ ತೆಗೆದು ಓದುತ್ತಾರೆ, ಮಡಚಿ ಇಡುತ್ತಾರೆ ಅಂತ ಅಕ್ಕ ಹೇಳಿದಳು. ಅವರನ್ನು ಅವಸರಪಡಿಸಬೇಡ ಅಂದಿದ್ದೇನೆ. ಬರೋ ವಾರ ಅವರೊಬ್ಬರೇ ನನ್ನ ಹತ್ತಿರ ಬರುತ್ತಾರೆ. ಬರೋದನ್ನು ಮಗನಿಗೆ ಹೇಳಿಯೇ.