ಕಾಯೋಟಿಗೂ ಪ್ರೇರಿ ಡಾಗ್‌ಗೂ ಒಂದೇ ಸ್ಕೋಪ್ ಸಾಕೇ?

ನೀವು ಕೇಳಿರುವುದು ಇಷ್ಟು: ಟೆಕ್ಸಸ್‌ನ ಅಮರಿಲ್ಲೊ ಬಳಿಯ ರಾಂಚ್ ಒಂದರಲ್ಲಿ ಬೇಸಿಗೆಗೆ ಪ್ರೇರಿ ಡಾಗ್ ಎಂಬ ಬಿಲವಾಸಿ ಪುಟ್ಟ ಪ್ರಾಣಿ, ಚಳಿಗಾಲಕ್ಕೆ ಕಾಯೋಟಿ ಎಂಬ ತೋಳದಂಥ ಚಿಕ್ಕ ಕಾಡುಪ್ರಾಣಿ ಹೊಡೆಯಲು ಮಾಲೀಕರ ಒಪ್ಪಿಗೆ ಸಿಕ್ಕಿದೆ, ಕೈಯಲ್ಲಿ .223 ರೆಮಿಂಗ್ಟನ್ ತೋಟಾ ಬಳಸುವ ಬೋಲ್ಟ್ ರೈಫಲ್ ಇದೆ; ಗೆಳೆಯರೊಬ್ಬರು 6-24×50 ಸ್ಕೋಪ್ (ಗುರಿಯಿಡಲು ರೈಫಲ್ ಮೇಲೆ ಕೂರಿಸುವ ದೂರದರ್ಶಕ) ಕೊಳ್ಳಿ ಎನ್ನುತ್ತಾರೆ, ಅಂಗಡಿಯವರು 3-9×40 ಸಾಕು ಎನ್ನುತ್ತಾರೆ; ಯಾವುದು ಸರಿ, ಮತ್ತು ಮುಂದೆ ಅದನ್ನು ಊರಿಗೆ ಒಯ್ಯಬಹುದೇ. ಕೊಡಗಿನ ನಮ್ಮ ಮನೆಯ ಜೋಡುನಳಿಗೆ ಕೋವಿಯ ತುದಿಯಲ್ಲಿ ಗುರಿಗೆಂದು ಇದ್ದದ್ದು ಒಂದು ಹಿತ್ತಾಳೆಯ ಮಣಿ ಮಾತ್ರ. ಆದ್ದರಿಂದ ಈ ಬಯಲಿಗೆ ಬಂದ ಮೇಲೆ ಸ್ಕೋಪ್‌ಗಳ ವಿಷಯವನ್ನು ನಾನು ಕೈಸುಟ್ಟುಕೊಂಡೇ ಕಲಿಯಬೇಕಾಯಿತು.

ಸ್ಕೋಪಿನ ಹೆಸರಿನಲ್ಲಿ ಮೊದಲೆರಡು ಅಂಕಿಗಳು ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ವರ್ಧನೆ, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು; ಕೊನೆಯದು ಮುಂದಿನ ಮಸೂರದ ಅಗಲ, ಮಿ.ಮೀ.ಗಳಲ್ಲಿ. ಇವುಗಳಲ್ಲಿ ನೀವು ಮೊದಲು ನೋಡಬೇಕಾದದ್ದು ವರ್ಧನೆಯ ಚಿಕ್ಕ ಅಂಕಿಯನ್ನು. ನಾನು ಮಾಡಿದ್ದು ಅದರ ತದ್ವಿರುದ್ಧ. ಮೊದಲ ಚಳಿಗಾಲದಲ್ಲಿ ನನ್ನ ರೈಫಲ್ ಮೇಲಿದ್ದುದು 6-24. ದೂರದ ದಿಬ್ಬವನ್ನು ಗಮನಿಸುತ್ತಾ ಅದನ್ನು 24ಕ್ಕೇ ತಿರುಗಿಸಿಟ್ಟಿದ್ದೆ. ಮೊಲದ ಕೂಗನ್ನು ಅನುಕರಿಸಿ ಕಾಯೋಟಿಯನ್ನು ಸೆಳೆಯುವ ಪೀಪಿ ಊದಿ ಹತ್ತು ನಿಮಿಷವೂ ಆಗಿರಲಿಲ್ಲ, ಎಡಗಡೆಯ ಮೆಸ್ಕೀಟ್ ಪೊದೆಗಳ ನಡುವಿನಿಂದ ಕಾಯೋಟಿಯೊಂದು ನಲವತ್ತು ಗಜದೊಳಗೆ ಬಂದು ನಿಂತಿತು. ಸ್ಕೋಪಿಗೆ ಕಣ್ಣಿಟ್ಟರೆ ಕಂಡದ್ದು ಬೂದು ಬಣ್ಣದ ಮಸುಕು ತುಪ್ಪಳ. ಅದು ಭುಜವೋ ತೊಡೆಯೋ ತಿಳಿಯುವಷ್ಟರಲ್ಲಿ ಪ್ರಾಣಿ ಮಾಯವಾಗಿತ್ತು. ಲೆಕ್ಕ ಸರಳವಾಗಿದೆ: ಇಂಥ ಸ್ಕೋಪಿನಲ್ಲಿ 24ರ ವರ್ಧನೆಗೆ ನೂರು ಗಜದಲ್ಲಿ ಸುಮಾರು ನಾಲ್ಕೂವರೆ ಅಡಿ ಅಗಲದ ನೋಟವಷ್ಟೇ ಸಿಗುತ್ತದೆ, ನಲವತ್ತು ಗಜದಲ್ಲಿ ಎರಡಡಿಯೂ ಇಲ್ಲ. ನಾಲ್ಕರ ವರ್ಧನೆಯಲ್ಲಾದರೆ ಅದೇ ನಲವತ್ತು ಗಜಕ್ಕೆ ಹತ್ತು ಹನ್ನೊಂದು ಅಡಿ ಕಾಣುತ್ತದೆ. ಓಡಿ ಬರುವ ಪ್ರಾಣಿಯನ್ನು ಹುಡುಕಿ ಹಿಡಿಯಲು ಅಷ್ಟು ಬೇಕೇ ಬೇಕು.

ಹಾಗೆಂದು 3-9 ಸಾಕೇ ಎಂದರೆ, ಕಾಯೋಟಿಗೆ ಧಾರಾಳವಾಗಿ ಸಾಕು, ಪ್ರೇರಿ ಡಾಗ್‌ಗೆ ಸಾಲದು. ಹೆಸರಿನಲ್ಲಿ ನಾಯಿ ಇದ್ದರೂ ಅದು ಅಳಿಲಿನ ಕುಟುಂಬದ ಪ್ರಾಣಿ. ಬಿಲದ ಬಾಯಲ್ಲಿ ಎದ್ದು ನಿಂತರೆ ಎತ್ತರ ಒಂದಡಿ, ಮೈಯಗಲ ಮೂರು ನಾಲ್ಕು ಇಂಚು. ಇನ್ನೂರೈವತ್ತು ಗಜದಲ್ಲಿ ಅದನ್ನು ಒಂಬತ್ತರ ವರ್ಧನೆಯಲ್ಲಿ ನೋಡಿದರೆ ಸ್ಕೋಪಿನೊಳಗೆ ಗುರಿ ತೋರಿಸುವ ಅಡ್ಡಗೆರೆಯೇ ಅದರ ಮೈಯ ಒಂದಷ್ಟು ಭಾಗವನ್ನು ಮುಚ್ಚಿಬಿಡುತ್ತದೆ. ಇನ್ನೊಂದು ಕಾರಣವನ್ನೂ ಹೇಳಬೇಕು. ಈ ಭಾಗದಲ್ಲಿ ಪ್ರೇರಿ ಡಾಗ್‌ಗಳ ಹಳೆಯ ಬಿಲಗಳಲ್ಲಿ ಬಿಲಗೂಬೆಗಳು ವಾಸಿಸುತ್ತವೆ, ಅವುಗಳಿಗೆ 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆ ಇದೆ, ಮತ್ತು ಮಣ್ಣುದಿಬ್ಬದ ಮೇಲೆ ನೆಟ್ಟಗೆ ನಿಂತ ಗೂಬೆ ಮಸುಕಾದ ಗಾಜಿನಲ್ಲಿ ಥೇಟ್ ಪ್ರೇರಿ ಡಾಗ್‌ನಂತೆಯೇ ಕಾಣುತ್ತದೆ. ಅನುಮಾನವಿದ್ದಾಗ ದುರ್ಬೀನಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಸ್ಕೋಪನ್ನೇ ದುರ್ಬೀನಾಗಿ ಬಳಸುವುದೆಂದರೆ ಗೊತ್ತಿಲ್ಲದ ವಸ್ತುವಿನತ್ತ ಕೋವಿಯ ನಳಿಗೆ ತಿರುಗಿಸಿದಂತೆ.

ಇನ್ನು 20, 24ರಂಥ ದೊಡ್ಡ ವರ್ಧನೆಗಳು ಬೇಸಿಗೆಯಲ್ಲಾದರೂ ಒದಗುತ್ತವೆಯೇ? ಬೆಳಗಿನ ಒಂಬತ್ತರವರೆಗೆ ಒದಗುತ್ತವೆ. ಆಮೇಲೆ ನೆಲ ಕಾದು ಬಿಸಿಲುಗುದುರೆ ಏಳುತ್ತದೆ. ವರ್ಧನೆ ಹೆಚ್ಚಿಸಿದಷ್ಟೂ ಪ್ರಾಣಿಯ ಜೊತೆಗೆ ಆ ಕುದಿಯುವ ಗಾಳಿಯೂ ದೊಡ್ಡದಾಗಿ ಕಾಣುತ್ತದೆ. ಜುಲೈ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನನ್ನ 24ರ ಸ್ಕೋಪನ್ನು ನಾನೇ 12ಕ್ಕೆ ಇಳಿಸಿಕೊಂಡು ಹೊಡೆಯುತ್ತಿದ್ದೆ. ಕೊಟ್ಟ ಹಣದ ಅರ್ಧ ಆ ಹೊತ್ತಿನಲ್ಲಿ ಸುಮ್ಮನೆ ಕೂತಿರುತ್ತಿತ್ತು.

ಆದ್ದರಿಂದ ಒಂದೇ ರೈಫಲ್ ಎರಡೂ ಕೆಲಸ ಮಾಡಬೇಕಾದರೆ 4-16×44 ಅಥವಾ 4.5-14×40 ಆಸುಪಾಸಿನದನ್ನು ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಟ್ಯಾಕ್ಟಿಕಲ್ ಮೊದಲ ಬಗೆಯದು, ಲ್ಯೂಪೋಲ್ಡ್ ವಿಎಕ್ಸ್-3ಎಚ್‌ಡಿ ಎರಡನೆಯ ಬಗೆಯದು. ಮುಂದಿನ ಮಸೂರಕ್ಕೆ 50 ಮಿ.ಮೀ. ಬೇಕೆಂಬ ಹಟ ಬೇಡ. ಮಸೂರದ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಬಿಲ್ಲೆಯ ಅಳತೆ ಸಿಗುತ್ತದೆ: 44ನ್ನು ಎಂಟರಿಂದ ಭಾಗಿಸಿದರೆ ಐದೂವರೆ ಮಿ.ಮೀ., ನಡುವಯಸ್ಸಿನವರ ಕಣ್ಣಿನ ಪಾಪೆ ಮುಸ್ಸಂಜೆಯಲ್ಲಿ ಹಿಗ್ಗುವುದೂ ಹೆಚ್ಚುಕಡಿಮೆ ಅಷ್ಟೇ. ಅದೇ 50ರ ಮಸೂರವನ್ನು 24ರಲ್ಲಿಟ್ಟರೆ ಬಿಲ್ಲೆ ಎರಡು ಮಿ.ಮೀ.ಗೆ ಕುಗ್ಗಿ, ಸಂಜೆಯ ನೋಟ ಕಪ್ಪಿಡುತ್ತದೆ.

ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಾಗ ಅಡ್ಡಗೆರೆಯೂ ಗುರಿಯಿಂದ ಸರಿದಂತೆ ಕಾಣುವ ದೋಷ, ಇದನ್ನು ಸರಿಪಡಿಸುವ ಗುಂಡಿ ಪಕ್ಕದಲ್ಲಿರುವ ಸ್ಕೋಪನ್ನೇ ಆರಿಸಿ. ಇದನ್ನು ಪರೀಕ್ಷಿಸುವುದು ಸುಲಭ: ರೈಫಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು, ತಲೆಯನ್ನಷ್ಟೇ ಮೇಲೆ ಕೆಳಗೆ ಆಡಿಸಿ. ಅಡ್ಡಗೆರೆ ಗುರಿಯ ಮೇಲೆ ತೇಲಿದಂತೆ ಜರುಗಿದರೆ ದೋಷವಿದೆ ಎಂದರ್ಥ. ಸಾಧಾರಣ 3-9 ಸ್ಕೋಪುಗಳನ್ನು ಕಾರ್ಖಾನೆಯಲ್ಲೇ ನೂರು ಅಥವಾ ನೂರೈವತ್ತು ಗಜಕ್ಕೆ ಹೊಂದಿಸಿಟ್ಟಿರುತ್ತಾರೆ. ಕಾಯೋಟಿಯ ಎದೆಗೆ ಆ ಅಲ್ಪ ವ್ಯತ್ಯಾಸ ಲೆಕ್ಕಕ್ಕಿಲ್ಲ, ಮೂರಿಂಚಿನ ಗುರಿಗೆ ಇದೆ.

ಅಡ್ಡಗೆರೆಯ ವಿಷಯದಲ್ಲಿ ಜನ ಜಗಳವಾಡುವಷ್ಟು ಭಿನ್ನಾಭಿಪ್ರಾಯಗಳಿವೆ. ಫಸ್ಟ್ ಫೋಕಲ್ ಪ್ಲೇನ್ ಸ್ಕೋಪಿನಲ್ಲಿ ಗೆರೆಗಳು ವರ್ಧನೆಯೊಂದಿಗೆ ಹಿಗ್ಗಿ ಕುಗ್ಗುವುದರಿಂದ ಅದರ ಮೇಲಿನ ಗುರುತುಗಳ ಅಳತೆ ಎಲ್ಲ ವರ್ಧನೆಯಲ್ಲೂ ಸರಿಯಾಗಿರುತ್ತದೆ. ಆದರೆ ನಾಲ್ಕಕ್ಕೆ ಇಳಿಸಿದಾಗ ಗೆರೆ ಕೂದಲೆಳೆಯಷ್ಟಾಗಿ ಮುಸ್ಸಂಜೆಯ ಪೊದೆಗಳ ನಡುವೆ ಕಳೆದುಹೋಗುತ್ತದೆ. ಸೆಕೆಂಡ್ ಫೋಕಲ್ ಪ್ಲೇನ್‌ನಲ್ಲಿ ಗೆರೆ ಸದಾ ಒಂದೇ ದಪ್ಪ, ಗುರುತುಗಳು ಮಾತ್ರ ಸಾಮಾನ್ಯವಾಗಿ ಅತಿ ಹೆಚ್ಚಿನ ವರ್ಧನೆಯಲ್ಲಷ್ಟೇ ನಿಜ. ನಾನು ಎರಡನೆಯದರ ಪಕ್ಷ. ಪ್ರೇರಿ ಡಾಗ್ ನಿಮಗೆ ಯೋಚಿಸಲು ಸಮಯ ಕೊಡುತ್ತದೆ, ಕಾಯೋಟಿ ಕೊಡುವುದಿಲ್ಲ. 55 ಗ್ರೇನ್ (ಸುಮಾರು ಮೂರೂವರೆ ಗ್ರಾಂ) ತೂಕದ ಗುಂಡಿಗೆ ಇನ್ನೂರು ಗಜಕ್ಕೆ ಗುರಿ ಹೊಂದಿಸಿದರೆ ಮುನ್ನೂರರಲ್ಲಿ ಅದು ಆರೇಳು ಇಂಚು ಇಳಿಯುತ್ತದೆ, ಆದರೆ ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಅದನ್ನು ಒಂದಡಿಯಷ್ಟು ಪಕ್ಕಕ್ಕೆ ತಳ್ಳುತ್ತದೆ. ಅಮರಿಲ್ಲೊದ ಗಾಳಿ ನಿಮಗೆ ಗೊತ್ತೇ ಇದೆ, ಆದ್ದರಿಂದ ಅಡ್ಡಕ್ಕೂ ಗುರುತುಗಳಿರುವ ಸರಳ ಗೆರೆ ಇರಲಿ.

ಸ್ಕೋಪಿಗೆ ಎಷ್ಟು ಗಮನ ಕೊಡುತ್ತೀರೋ ಅದನ್ನು ಕೂರಿಸುವ ರಿಂಗುಗಳಿಗೂ ಅಷ್ಟೇ ಕೊಡಿ. ಅಂಗಡಿಯೊಂದರಲ್ಲಿ ಕೂರಿಸಿಕೊಂಡು ಬಂದ ನನ್ನ ಸ್ಕೋಪ್ ವಾರಕ್ಕೊಮ್ಮೆ ಗುರಿ ತಪ್ಪುತ್ತಿತ್ತು. ಎರಡು ಪೆಟ್ಟಿಗೆ ತೋಟಾ ಹಾಳು ಮಾಡಿ, ಸ್ಕೋಪನ್ನು ಬೈದು ಮುಗಿಸಿದ ಮೇಲೆ ನೋಡಿದರೆ ತಳದ ಒಂದು ಸ್ಕ್ರೂ ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು. ಈಗ ತಯಾರಕರು ಹೇಳಿದ ಬಿಗಿತಕ್ಕೆ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ನಾನೇ ಬಿಗಿಯುತ್ತೇನೆ, ಪ್ರತಿ ಸ್ಕ್ರೂ ತಲೆಯಿಂದ ರಿಂಗಿನ ಮೇಲಕ್ಕೆ ಹೆಂಡತಿಯ ಕೆಂಪು ಉಗುರುಬಣ್ಣದಿಂದ ಒಂದು ಗೀಟು ಎಳೆಯುತ್ತೇನೆ. ಗೀಟು ಮುರಿದಿದ್ದರೆ ಸ್ಕ್ರೂ ತಿರುಗಿದೆ ಎಂದು ಕಣ್ಣಿಗೇ ಕಾಣುತ್ತದೆ.

ನಿಮ್ಮ ವೀಸಾದ ವಿಚಾರ ನೀವು ಬರೆದಿಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ಇಲ್ಲಿಯ ಫೆಡರಲ್ ಕಾನೂನಿನಂತೆ ಬಂದೂಕು ಅಥವಾ ತೋಟಾ ಹೊಂದುವಂತಿಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಒಂದು. ಟೆಕ್ಸಸ್‌ನ ಸಾಮಾನ್ಯ ಬೇಟೆ ಲೈಸೆನ್ಸ್ ಪ್ರತಿ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಕಾಯೋಟಿಯ ಕಾಲ ಬಂದಾಗ ನೋಡಿಕೊಂಡರಾಯಿತು ಎಂದು ಕೂರಬೇಡಿ.

ಊರಿಗೆ ಒಯ್ಯುವ ಮಾತು: ರೈಫಲ್ ಸ್ಕೋಪುಗಳು ಅಮೆರಿಕದ ರಫ್ತು ನಿಯಂತ್ರಣಕ್ಕೆ ಒಳಪಟ್ಟ ವಸ್ತುಗಳು, ಚಕ್ಕುಲಿ ಡಬ್ಬದ ಪಕ್ಕ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗುವಂಥದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಊರಿನಲ್ಲಿ ಅದಕ್ಕೆ ಶಿಕಾರಿಯ ಕೆಲಸವೂ ಇಲ್ಲ. ನನ್ನ ಚಿಕ್ಕಪ್ಪನವರು ಕೇಳಿದಾಗ ನಾನು ಒಯ್ದು ಕೊಟ್ಟದ್ದು ಒಂದು 8×42 ದುರ್ಬೀನು. ಕಾಫಿ ತೋಟದಲ್ಲಿ ಹಕ್ಕಿ ನೋಡಲು ಅದನ್ನೇ ಕೊರಳಿಗೆ ಹಾಕಿಕೊಂಡು ತಿರುಗುತ್ತಾರೆ.