‘ತಾತನ ರಕ್ತ’ ಅಂತ ಮಗನನ್ನು ದೂರುತ್ತಿದ್ದ ಅಪ್ಪ

ನಾನು ಆಪ್ತಸಲಹೆ ಮಾಡುವುದು ಜರ್ಮನಿಯ ಬಂದರು ಊರು ಕೀಲ್‌ನಲ್ಲಿ. ಇಲ್ಲಿ ಹಡಗಿನ ನಂಟಿರುವ ಮನೆಗಳು ಜಾಸ್ತಿ. ಈ ಪ್ರಕರಣದಲ್ಲಿ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ.

ಸಲಹೆಗೆ ಬಂದ ಅಪ್ಪನಿಗೆ ಅರವತ್ತು ದಾಟಿದೆ. ಇಪ್ಪತ್ತೊಂಬತ್ತರ ಮಗ ಮೂರನೇ ಕೆಲಸವನ್ನೂ ಬಿಟ್ಟು ಮನೆ ಸೇರಿದ್ದಾನೆ, ಮೇಲಿನವರ ಜೊತೆ ಜಗಳವಂತೆ. "ನಮ್ಮ ತಾತನ ರಕ್ತ, ಎಲ್ಲಿ ಹೋಗುತ್ತೆ?" ಅಂತ ಒಂದು ಮಡಚಿದ ಕಾಗದ ಮೇಜಿನ ಮೇಲಿಟ್ಟರು. ತಾತ ಮೊದಲ ಮಹಾಯುದ್ಧದಲ್ಲಿ ‘ವೋಲ್ಫ್’ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಕಾಗದದಲ್ಲಿ ಅವರಿಗೆ ಶಿಕ್ಷೆ ಆದದ್ದೆಲ್ಲ ಇತ್ತು: ಎದುರು ಮಾತು, ಕೆಲಸದ ಹೊತ್ತಲ್ಲಿ ನಿದ್ದೆ, ಆಲೂಗಡ್ಡೆ ಕಳ್ಳತನ. ಕಳ್ಳತನದ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಮಾತಾಡಿದರು. ಅವರ ಅಪ್ಪನೂ ಆ ಕಾಗದವನ್ನು ಡಬ್ಬಿಯಲ್ಲಿ ಬಚ್ಚಿಟ್ಟಿದ್ದರಂತೆ.

"ಆ ಹಡಗು ಹೇಗಿತ್ತು?" ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಮುಂದಿನ ಭೇಟಿಯನ್ನು ಪೂರ್ತಿ ಅದಕ್ಕೇ ಇಟ್ಟೆವು.

ಸರಕು ಹಡಗಿನ ವೇಷ ಹಾಕಿದ್ದ ಯುದ್ಧನೌಕೆ ಅದು. 1916ರ ನವೆಂಬರ್ 30ಕ್ಕೆ ಕೀಲ್ ಬಿಟ್ಟದ್ದು ವಾಪಸ್ ಬಂದದ್ದು 1918ರ ಫೆಬ್ರವರಿ 24ಕ್ಕೆ. 451 ದಿನ! ನಡುವೆ ಒಂದೂ ಬಂದರು ಮುಟ್ಟಲಿಲ್ಲ. ಮುಂಬೈ, ಕೊಲಂಬೊ, ಆಸ್ಟ್ರೇಲಿಯಾದ ಕಡಲಲ್ಲಿ ಮೈನ್, ಅಂದರೆ ಹಡಗು ತಾಗಿದರೆ ಸಿಡಿಯುವ ಬಾಂಬು, ಹಾಕಿತು. 1917ರ ಜೂನ್‌ನಲ್ಲಿ ಮುಂಬೈ ಹತ್ತಿರ ‘ಮಂಗೋಲಿಯಾ’ ಹಡಗು ಮುಳುಗಿದ್ದು ಇದರ ಮೈನಿಗೇ. ದಾರಿಯಲ್ಲಿ ಹಿಡಿದ ಹಡಗುಗಳ ಕಲ್ಲಿದ್ದಲು, ದಿನಸಿ ನಂಬಿಕೊಂಡೇ ಓಡಬೇಕು, ಆ ಹಡಗುಗಳ ಜನರನ್ನೂ ತುಂಬಿಕೊಳ್ಳಬೇಕು, ಹೀಗಾಗಿ ಕೊನೆಗೆ ನಾನೂರಕ್ಕೂ ಜಾಸ್ತಿ ಕೈದಿಗಳಿದ್ದರು. ಮನೆಗೆ ಒಂದು ಪತ್ರವೂ ಇಲ್ಲ. ತಾಜಾ ತರಕಾರಿ ಸಿಗದೆ ಸ್ಕರ್ವಿ ಬಂತು. ಒಸಡಿನಲ್ಲಿ ರಕ್ತ ಒಸರಿ ಹಲ್ಲು ಅಲ್ಲಾಡುವ ಕಾಯಿಲೆ.

"ಆಲೂಗಡ್ಡೆ ತಿಂದರೆ ಅದು ಕಡಿಮೆ ಆಗುತ್ತೆ ಅಲ್ವಾ?" ಅಂದರು. ಹೆಬ್ಬೆರಳು ತೆಗೆದಿದ್ದರು.

ಕದ್ದದ್ದು ಸರಿ ಅಂತ ನಾನು ಹೇಳಲಿಲ್ಲ. ಅದು ಪಕ್ಕದವನ ಪಾಲೂ ಹೌದು, ಕೈದಿಗಳ ಪಾಲೂ ಹೌದು. ಆದರೆ ಅಷ್ಟು ದಿನ ಬೆಂಕಿಯ ಮುಂದೆ ನಿಂತವನನ್ನು ಮೂರು ಸಾಲಲ್ಲಿ ಮುಗಿಸಿ, ಅದನ್ನೇ ಮರಿಮಗನ ತಲೆಗೆ ಕಟ್ಟುವುದು ಅನ್ಯಾಯ. ಇದನ್ನು ಮುಖಕ್ಕೇ ಹೇಳಿದೆ.

‘ತಾತನ ರಕ್ತ’ ಅನ್ನುವ ಮಾತು ಇವತ್ತಿಗೇ ನಿಲ್ಲಲಿ ಅಂದೆ. ಇನ್ನೊಂದು ಸಲಹೆ ಸಿಕ್ಕಿದ್ದು ಎರಡನೇ ಮಹಾಯುದ್ಧದ ಇಂಥದೇ ಹಡಗಿನಿಂದ. ‘ಅಟ್ಲಾಂಟಿಸ್’ 622 ದಿನ ಕಡಲಲ್ಲಿತ್ತು. ಅದರ ಕ್ಯಾಪ್ಟನ್ ರೋಗ್ಗೆ ನಾವಿಕರಿಗೆ ಸರದಿಯಂತೆ ಹಡಗಿನಲ್ಲೇ ರಜೆ ಕೊಡುತ್ತಿದ್ದರು, ಕಾಳಗದ ಕರೆ ಬಂದರೆ ಮಾತ್ರ ಓಡಬೇಕು, ಉಳಿದ ಹೊತ್ತು ಅವರ ಪಾಡಿಗೆ ಅವರು. "ನೀವೂ ಮಗನಿಗೆ ಒಂದು ವಾರ ಮನೆಯಲ್ಲೇ ಹಾಗೆ ರಜೆ ಕೊಡಿ. ಸಂಜೆಯ ‘ಕೆಲಸದ್ದು ಏನಾಯ್ತು’ ಬೇಡ. ಅವನಾಗಿ ಬಾಯಿಬಿಟ್ಟರೆ, ನೀನೇನು ಮಾಡಿದೆ ಅನ್ನಬೇಡಿ, ಅಲ್ಲಿ ಹೇಗಿತ್ತು ಅಂತ ಕೇಳಿ."

ಸುಲಭ ಇರಲಿಲ್ಲ. ಮೂರನೇ ದಿನ ಫೋನ್ ಮಾಡಿ, ಬಾಯಿತನಕ ಬಂದಿತ್ತು, ನುಂಗಿಕೊಂಡೆ ಅಂದರು. ಆರನೇ ದಿನ ಪಾತ್ರೆ ತೊಳೆಯುತ್ತಾ ಮಗನೇ ಶುರು ಮಾಡಿದನಂತೆ. ಐದು ವಾರ ಬಿಡದೆ ರಾತ್ರಿ ಪಾಳಿ ಹಾಕಿದ್ದರು, ಯಾಕೆ ಅಂತ ಕೇಳಿದ್ದೇ ಜಗಳವಾಯಿತು.

ಮುಂದಿನ ಭೇಟಿಗೆ ಇಬ್ಬರೂ ಬಂದರು. ಮುತ್ತಾತನ ಕಾಗದ ಈ ಸಲ ಮಗನ ಜೇಬಿನಲ್ಲಿತ್ತು.